ಬಾತ್ ಮಿಟ್ಸ್ವಾ: ಯಾವ ದಿನ, ಯಾವ ಊರು, ಯಾವ ಊಟ?

ಮಗಳಿಗೆ ಹತ್ತು ತುಂಬಿದ ವರ್ಷ ಯಹೂದಿಗಳ ಪ್ರಾರ್ಥನಾ ಮಂದಿರವಾದ ಸಿನಗಾಗ್‌ನಿಂದ ಕಾಗದ ಬಂತು. ಅವಳ ಬಾತ್ ಮಿಟ್ಸ್ವಾಗೆ, ಅಂದರೆ ಯಹೂದಿ ಹೆಣ್ಣುಮಗು ದೊಡ್ಡವರ ಲೆಕ್ಕಕ್ಕೆ ಸೇರುವ ಸಮಾರಂಭಕ್ಕೆ, ನಿಮಗೆ ಅನುಕೂಲವಾಗುವ ಮೂರು ದಿನಾಂಕ ಬರೆದು ಕಳಿಸಿ ಎಂದಿತ್ತು. ಇನ್ನೂ ಮೂರು ವರ್ಷ ಇದೆಯಲ್ಲ ಎಂದು ಅದನ್ನು ಫ್ರಿಜ್ ಬಾಗಿಲಿಗೆ ಅಂಟಿಸಿ ಸುಮ್ಮನಾದೆ. ಆದರೆ ತುಂಬ ಇಷ್ಟವಾದ ಒಂದು ಹಾಲ್‌ಗೆ ಮಾತ್ರ ಮುಂಗಡ ಕೊಟ್ಟು ಬಂದೆ. ನಮ್ಮ ಕಡೆ ಹಾಗೇ ಅಲ್ವಾ? ಮೊದಲು ಛತ್ರ ಸಿಗಬೇಕು, ಉಳಿದದ್ದು ಆಮೇಲೆ. ಸಿನಗಾಗ್‌ಗೆ ಫೋನ್ ಮಾಡುವ ಹೊತ್ತಿಗೆ ಆ ಶನಿವಾರ ಬೇರೆ ಮನೆಯವರ ಪಾಲಾಗಿತ್ತು. ಹಾಲ್‌ನವರು ಮುಂಗಡ ವಾಪಸ್ ಕೊಡಲಿಲ್ಲ.

ನಾನು ಮೈಸೂರಿನವಳು. ಗಂಡ ನ್ಯೂಜೆರ್ಸಿಯ ಯಹೂದಿ ಮನೆಯವರು. ಇಲ್ಲಿ ನಮ್ಮಂಥ ಮನೆಗಳು ಇನ್ನೂ ಕೆಲವಿವೆ. ಮಕ್ಕಳಿಗೆ ಹತ್ತು ಹನ್ನೊಂದು ಆದಾಗ ಅಮ್ಮಂದಿರು ಫೋನ್ ಮಾಡಿ ಕೇಳುತ್ತಾರೆ: ಶನಿವಾರ ಮಾಡುವುದಾ, ವಾರದ ದಿನವಾ? ಇಸ್ರೇಲಿಗೆ ಹೋಗುವುದಾ? ಊಟಕ್ಕೆ ಏನು? ಅವರಿಗೆ ಹೇಳಿದ್ದನ್ನೆಲ್ಲ ಇಲ್ಲಿ ಸೇರಿಸಿ ಬರೆದಿದ್ದೇನೆ.

ಒಂದು ವಿಷಯ ಮೊದಲೇ ತಿಳಿದಿರಲಿ. 'ಬಾರ್' ಎಂದರೆ ಅರಾಮಿಕ್ ಭಾಷೆಯಲ್ಲಿ ಮಗ. 'ಬಾತ್' ಎಂದರೆ ಹೀಬ್ರೂನಲ್ಲಿ ಮಗಳು. 'ಮಿಟ್ಸ್ವಾ' ಎಂದರೆ ದೇವರು ವಿಧಿಸಿದ ಕರ್ತವ್ಯ. ಹುಡುಗನಿಗೆ 13 ತುಂಬಿದ ದಿನವೇ ಅವನು ಬಾರ್ ಮಿಟ್ಸ್ವಾ ಆದ ಹಾಗೆ. ಹುಡುಗಿಗೆ ಸಂಪ್ರದಾಯಸ್ಥರಲ್ಲಿ 12, ಉಳಿದವರಲ್ಲಿ ಹೆಚ್ಚಾಗಿ 13. ಉಪನಯನ ಮಾಡದಿದ್ದರೆ ಉಪನಯನ ಆಗುವುದಿಲ್ಲ. ಇದು ಹಾಗಲ್ಲ. ಯಾವ ಸಮಾರಂಭ ಇಲ್ಲದಿದ್ದರೂ ಮಗು ದೊಡ್ಡವರ ಲೆಕ್ಕಕ್ಕೆ ಸೇರಿಬಿಡುತ್ತದೆ. ನಾವು ಮಾಡುವ ಸಮಾರಂಭ ಎಂದರೆ ಮಗು ಮೊದಲ ಸಲ ಎಲ್ಲರ ಮುಂದೆ ನಿಂತು ಯಹೂದಿಗಳ ಮೂಲ ಧರ್ಮಗ್ರಂಥವಾದ ಟೋರಾ ಓದುವುದು. ಅದಕ್ಕೇ ನಾನು ಎಲ್ಲರಿಗೂ ಹೇಳುವುದು ಒಂದೇ ಮಾತು. ಆ ಓದು ಯಾವಾಗ, ಎಲ್ಲಿ, ಅದರ ಪಕ್ಕದಲ್ಲಿ ಯಾರು ನಿಂತಿರಬೇಕು ಎನ್ನುವುದನ್ನು ಮೊದಲು ಗಟ್ಟಿ ಮಾಡಿ. ಹಾಲ್, ಡಿಜೆ, ಬಲೂನು ಎಲ್ಲ ಅದರ ಹಿಂದೆ ಬರಲಿ.

ಯಾವ ಸಿನಗಾಗ್

ಅಪ್ಪ ಅಮ್ಮ ಇಬ್ಬರೂ ಯಹೂದಿಗಳಾದರೆ ಈ ಭಾಗ ಬಿಟ್ಟು ಮುಂದಕ್ಕೆ ಹೋಗಬಹುದು. ನಮ್ಮಂಥವರಿಗೆ ಮಾತ್ರ ಇದೇ ಮೊದಲ ಪ್ರಶ್ನೆ. ಸಂಪ್ರದಾಯಸ್ಥ ಆರ್ಥೊಡಾಕ್ಸ್ ಮತ್ತು ನಡುದಾರಿಯ ಕನ್ಸರ್ವೇಟಿವ್ ಪಂಥಗಳಲ್ಲಿ ತಾಯಿ ಯಹೂದಿಯಾಗಿದ್ದರೆ ಮಾತ್ರ ಮಗು ಯಹೂದಿ. ತಾಯಿ ಬೇರೆ ಧರ್ಮದವಳಾದರೆ ಮಗುವಿಗೆ ಮತಾಂತರದ ವಿಧಿ ಆಗಬೇಕು. ಅಮೆರಿಕದ ರಿಫಾರ್ಮ್ ಎಂಬ ಉದಾರ ಪಂಥದ ರಬ್ಬಿಗಳು, ಅಂದರೆ ಧರ್ಮಗುರುಗಳು, 1983ರಲ್ಲಿ ಒಂದು ನಿರ್ಣಯ ಮಾಡಿದರು. ತಂದೆ ಮಾತ್ರ ಯಹೂದಿಯಾಗಿದ್ದು, ಮಗುವನ್ನು ಯಹೂದಿಯಾಗಿಯೇ ಬೆಳೆಸಿದ್ದರೆ ಅದನ್ನು ಒಪ್ಪಿಕೊಳ್ಳುತ್ತಾರೆ. ನಾವು ರಿಫಾರ್ಮ್ ಸಿನಗಾಗ್ ಆರಿಸಿದ್ದು ಇದೇ ಕಾರಣಕ್ಕೆ.

ಗಂಡನ ಕಡೆಯ ಅಜ್ಜ ಅಜ್ಜಿಗೆ ಕನ್ಸರ್ವೇಟಿವ್ ಸಿನಗಾಗ್‌ನಲ್ಲೇ ಆಗಬೇಕು ಎಂಬ ಆಸೆ ಇದ್ದರೆ ಮಗುವಿಗೆ ಎಂಟು ಒಂಬತ್ತು ವರ್ಷ ಇರುವಾಗಲೇ ರಬ್ಬಿಯ ಹತ್ತಿರ ಕೂತು ಮಾತಾಡಿ. ಹನ್ನೆರಡಕ್ಕೆ ಈ ಮಾತು ತೆಗೆದರೆ ಮಗುವಿಗೆ ತುಂಬ ನೋವಾಗುತ್ತದೆ. ಅಷ್ಟು ವರ್ಷ ತಾನು ಯಹೂದಿ ಎಂದುಕೊಂಡೇ ಬೆಳೆದಿರುತ್ತದಲ್ಲ.

ಇನ್ನೊಂದು ಮಾತನ್ನೂ ಅದೇ ದಿನ ಕೇಳಿಬಿಡಿ: ಯಹೂದಿಯಲ್ಲದ ತಾಯಿ ಅಂದು ಏನು ಮಾಡಬಹುದು? ಟೋರಾ ಓದುವ ಮುಂಚಿನ ಮಂತ್ರವನ್ನು ಸಾಮಾನ್ಯವಾಗಿ ಯಹೂದಿಗಳೇ ಹೇಳಬೇಕು. ಆದರೆ ಮಗುವಿನ ಪಕ್ಕ ನಿಲ್ಲುವುದು, ಹರಸುವುದು, ಇಂಗ್ಲಿಷ್ ಪ್ರಾರ್ಥನೆ ಓದುವುದು, ಇವಕ್ಕೆಲ್ಲ ಒಂದೊಂದು ಕಡೆ ಒಂದೊಂದು ರೀತಿ. ನಮ್ಮ ರಬ್ಬಿ ನನಗೆ ಕನ್ನಡದಲ್ಲಿ ನಾಲ್ಕು ಸಾಲು ಹೇಳಿ ಹರಸಲು ಅವಕಾಶ ಕೊಟ್ಟರು. ಕೇಳದೇ ಇದ್ದಿದ್ದರೆ ಆ ಅವಕಾಶ ಸಿಗುತ್ತಿರಲಿಲ್ಲ.

ಶನಿವಾರ ಬೆಳಿಗ್ಗೆ, ಶನಿವಾರ ಸಂಜೆ, ಸೋಮವಾರ, ಗುರುವಾರ

ಟೋರಾವನ್ನು ಎಲ್ಲ ದಿನವೂ ಓದುವುದಿಲ್ಲ. ಶನಿವಾರ ಬೆಳಿಗ್ಗೆ, ಶನಿವಾರ ಮಧ್ಯಾಹ್ನದ ಮೇಲೆ, ಸೋಮವಾರ ಮತ್ತು ಗುರುವಾರ ಬೆಳಿಗ್ಗೆ ಓದುತ್ತಾರೆ. ಹಬ್ಬ, ಉಪವಾಸದ ದಿನ, ತಿಂಗಳ ಮೊದಲ ದಿನಗಳಲ್ಲೂ ಓದುತ್ತಾರೆ. ಆಯ್ಕೆ ಇರುವುದು ಇಷ್ಟರಲ್ಲೇ.

ಶನಿವಾರ ಬೆಳಗಿನದು ಎಲ್ಲಕ್ಕಿಂತ ದೊಡ್ಡದು. ವಾರದ ಪಾಠವನ್ನು ಏಳು ಭಾಗ ಮಾಡಿ ಓದುವುದು ವಾಡಿಕೆ. ಒಂದೊಂದು ಭಾಗಕ್ಕೂ ಒಬ್ಬೊಬ್ಬರನ್ನು ಕರೆದು ಗೌರವಿಸುತ್ತಾರೆ. ಹಾಗಾಗಿ ದೊಡ್ಡಪ್ಪ, ಅತ್ತೆ, ಅಜ್ಜ ಎಲ್ಲರಿಗೂ ಒಂದೊಂದು ಪಾಲು ಸಿಗುತ್ತದೆ. ಕೊನೆಗೆ ಪ್ರವಾದಿಗಳ ಗ್ರಂಥದಿಂದ ಹಾಫ್ತಾರಾ ಎಂಬ ಭಾಗವೂ ಇರುತ್ತದೆ. ಅದಕ್ಕೆ ಬೇರೆ ರಾಗ. ಅಂದರೆ ಮಗು ಎರಡು ರಾಗ ಕಲಿಯಬೇಕು. ಟೋರಾ ಸುರುಳಿಯಲ್ಲಿ ಸ್ವರದ ಗುರುತಿಲ್ಲ, ರಾಗದ ಗುರುತಿಲ್ಲ, ವಾಕ್ಯ ಮುಗಿಯುವ ಗುರುತೂ ಇಲ್ಲ. ಕಾಗುಣಿತವೇ ಇಲ್ಲದ ಕನ್ನಡ ಊಹಿಸಿಕೊಳ್ಳಿ. ಬರೀ ಕ, ಮ, ಲ ಎಂದಿದ್ದರೆ ಅದು ಕಮಲವೋ ಕಾಮಾಲೆಯೋ ಮೊದಲೇ ಬಾಯಿಪಾಠ ಆಗಿರಬೇಕು. ಸಲೀಸಾಗಿ ಕಲಿಯುವ ಮಗುವಿಗೂ ಒಂದು ವರ್ಷದ ಅಭ್ಯಾಸ ಬೇಕೇ ಬೇಕು.

ಶನಿವಾರದ ತೊಂದರೆ ಎಂದರೆ ಶಬ್ಬಾತ್, ಅಂದರೆ ವಾರದ ವಿಶ್ರಾಂತಿ ದಿನದ ನಿಯಮಗಳು. ಆರ್ಥೊಡಾಕ್ಸ್ ಮತ್ತು ಕನ್ಸರ್ವೇಟಿವ್ ಕಡೆ ಅಂದು ಫೋಟೋ ತೆಗೆಯುವ ಹಾಗಿಲ್ಲ. ರಿಫಾರ್ಮ್ ಸಿನಗಾಗ್‌ಗಳಲ್ಲೂ ಕೆಲವು ಕಡೆ ಬಿಡುತ್ತಾರೆ, ಕೆಲವು ಕಡೆ ಇಲ್ಲ. ನಮ್ಮವರಿಗೆ ಇದು ಕಷ್ಟ. ಫೋಟೋ ಇಲ್ಲದ ಶುಭಕಾರ್ಯ ಎಂದರೆ ಊರಿನಲ್ಲಿ ಯಾರೂ ಒಪ್ಪುವುದಿಲ್ಲ. ನಾವು ಗುರುವಾರ ಸಂಜೆ ರಿಹರ್ಸಲ್ ದಿನವೇ ಬಟ್ಟೆ ಹಾಕಿಸಿ, ಸುರುಳಿ ತೆರೆಸಿ, ಅಲ್ಲಿನ ಫೋಟೋ ಎಲ್ಲ ತೆಗೆಸಿದೆವು. ಇದು ಎಲ್ಲರೂ ಮಾಡುವ ಉಪಾಯ. ಚೆನ್ನಾಗಿಯೇ ಬರುತ್ತದೆ.

ಶನಿವಾರ ಸಂಜೆಯದನ್ನು ಹಾವ್ದಾಲಾ ಬಾತ್ ಮಿಟ್ಸ್ವಾ ಎನ್ನುತ್ತಾರೆ. ಹಾವ್ದಾಲಾ ಎಂದರೆ ಶಬ್ಬಾತ್ ಮುಗಿಸುವ ವಿಧಿ. ಮುಂದಿನ ವಾರದ ಪಾಠದ ಆರಂಭವನ್ನು ಮೂರೇ ಭಾಗವಾಗಿ ಓದುತ್ತಾರೆ. ಹಾಫ್ತಾರಾ ಸಾಮಾನ್ಯವಾಗಿ ಇಲ್ಲ. ನಾಚಿಕೆ ಸ್ವಭಾವದ ಮಕ್ಕಳಿಗೆ, ಓದಲು ತೊಡಕಾಗುವ ಮಕ್ಕಳಿಗೆ ಇದು ಒಳ್ಳೆಯದು. ಓದು ಮುಗಿದು ಕತ್ತಲಾದ ಮೇಲೆ ಹೆಣೆದ ಮೇಣದ ಬತ್ತಿ ಹಚ್ಚಿ, ಲವಂಗ, ಚಕ್ಕೆ ಮುಂತಾದ ಸುವಾಸನೆಯ ಡಬ್ಬಿಯನ್ನು ಕೈಯಿಂದ ಕೈಗೆ ದಾಟಿಸಿ, ಕೊನೆಗೆ ಬತ್ತಿಯನ್ನು ದ್ರಾಕ್ಷಾರಸದಲ್ಲಿ ಅದ್ದಿ ಆರಿಸುತ್ತಾರೆ. ನೋಡಲು ತುಂಬ ಚಂದ. ಆದರೆ ಋತು ನೋಡಿಕೊಳ್ಳಿ. ಡಿಸೆಂಬರ್‌ನಲ್ಲಿ ಇಲ್ಲಿ ನಾಲ್ಕೂವರೆಗೆಲ್ಲ ಸೂರ್ಯ ಮುಳುಗುತ್ತಾನೆ, ಆರಾಮಾಗಿ ಊಟಕ್ಕೆ ಹೋಗಬಹುದು. ಜೂನ್‌ನಲ್ಲಿ ಎಂಟೂವರೆ ಆಗುತ್ತದೆ. ಪದ್ಧತಿಯ ಪ್ರಕಾರ ನಕ್ಷತ್ರ ಕಾಣುವವರೆಗೆ ಕಾದರೆ ಚಿಕ್ಕ ಮಕ್ಕಳು ನಿದ್ದೆ ಹೋಗಿರುತ್ತಾರೆ.

ಸೋಮವಾರ, ಗುರುವಾರ ಬೆಳಿಗ್ಗೆಯದೂ ಮೂರೇ ಭಾಗ. ಪೂಜೆ ಚಿಕ್ಕದು, ಫೋಟೋಗೆ ತಡೆ ಇಲ್ಲ. ಶಾಲೆ, ಆಫೀಸು ಇರುತ್ತದಲ್ಲ ಎಂದು ಜನ ಇದನ್ನು ಬಿಟ್ಟುಬಿಡುತ್ತಾರೆ. ಆದರೆ ಯೋಚಿಸಿ ನೋಡಿ. ಥ್ಯಾಂಕ್ಸ್‌ಗಿವಿಂಗ್ ಯಾವಾಗಲೂ ಗುರುವಾರವೇ. ಮೆಮೋರಿಯಲ್ ಡೇ, ಲೇಬರ್ ಡೇ ಎರಡೂ ಸೋಮವಾರ. ನೆಂಟರೆಲ್ಲ ಹೇಗೂ ರಜೆಯಲ್ಲಿರುತ್ತಾರೆ. ಚಿಕ್ಕದಾಗಿ, ಮನೆಮಂದಿಯೇ ಸೇರಿ ಮಾಡಬೇಕು ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ದಿನ ಇಲ್ಲ. ಇಷ್ಟು ಒಳ್ಳೆಯ ಆಯ್ಕೆಯನ್ನು ಯಾರೂ ಹೇಳಿಕೊಡುವುದಿಲ್ಲ ಎಂದು ನನಗೆ ಬೇಸರ.

ಊರಿನಲ್ಲಿ ಕೂತು ನೋಡುವವರನ್ನೂ ಲೆಕ್ಕಕ್ಕೆ ಹಿಡಿಯಿರಿ. ನ್ಯೂಜೆರ್ಸಿಯ ಬೆಳಿಗ್ಗೆ ಹತ್ತು ಎಂದರೆ ಬೇಸಿಗೆ ಸಮಯದಲ್ಲಿ ಮೈಸೂರಿನ ಸಂಜೆ ಏಳೂವರೆ, ಚಳಿಗಾಲದಲ್ಲಿ ಎಂಟೂವರೆ. ಚಳಿಗಾಲದ ಸಂಜೆ ಐದಕ್ಕೆ ಹಾವ್ದಾಲಾ ಇಟ್ಟರೆ ಅಲ್ಲಿ ಬೆಳಗಿನ ಜಾವ ಮೂರೂವರೆ! ನಮ್ಮ ಅಪ್ಪನಿಗೆ ಮಂಡಿ ನೋವು, ವಿಮಾನ ಹತ್ತಲು ಆಗುತ್ತಿರಲಿಲ್ಲ. ಅಮ್ಮ ಒಬ್ಬರೇ ಬಂದರು. ಅಪ್ಪ ಏಳೂವರೆಗೆ ಸಂಧ್ಯಾವಂದನೆ ಮುಗಿಸಿ ಟಿವಿ ಮುಂದೆ ಕೂತು ಪೂರ್ತಿ ನೋಡಿದರು. ನಾವು ಶನಿವಾರ ಬೆಳಿಗ್ಗೆಯನ್ನೇ ಆರಿಸಿದ್ದಕ್ಕೆ ಇದೂ ಒಂದು ಕಾರಣ. ನೇರಪ್ರಸಾರಕ್ಕೆ ಸಿನಗಾಗ್ ಒಪ್ಪುತ್ತದಾ ಎಂದು ಮಾತ್ರ ಮೊದಲೇ ಕೇಳಿ. ಆರ್ಥೊಡಾಕ್ಸ್ ಕಡೆ ಶಬ್ಬಾತ್ ದಿನ ಅದು ಆಗುವುದಿಲ್ಲ.

ದಿನಾಂಕದ ಜೊತೆ ಪಾಠವೂ ಬರುತ್ತದೆ

ಇದನ್ನು ಬಹಳ ಜನ ಗಮನಿಸುವುದೇ ಇಲ್ಲ. ವರ್ಷದ ಪ್ರತಿ ವಾರಕ್ಕೂ ಟೋರಾದ ಇಂಥದೇ ಭಾಗ ಎಂದು ಗೊತ್ತುಮಾಡಿದೆ. ನೀವು ದಿನಾಂಕ ಆರಿಸಿದಿರಿ ಎಂದರೆ ಮಗು ಓದಬೇಕಾದ ಕಥೆಯನ್ನೂ ಆರಿಸಿದಿರಿ. ಶರತ್ಕಾಲದಲ್ಲಿ ಬಂದರೆ ನೋಹನ ನಾವೆ, ಪ್ರಾಣಿಗಳು, ಕಾಮನಬಿಲ್ಲು ಸಿಗಬಹುದು. ವಸಂತದಲ್ಲಿ ಬಂದರೆ ಬಲಿ, ಮೈಲಿಗೆ, ಚರ್ಮರೋಗಗಳ ಅಧ್ಯಾಯ.

ನಮ್ಮ ಮಗಳಿಗೆ ಸಿಕ್ಕಿದ್ದು ಏಪ್ರಿಲ್‌ನ ತಝ್ರಿಯಾ ಮೆಟ್ಸೊರಾ ಎಂಬ ಪಾಠ. ಗಂಡು ಹೆತ್ತ ತಾಯಿಗೆ 40 ದಿನದ ಸೂತಕ, ಹೆಣ್ಣು ಹೆತ್ತರೆ 80 ದಿನ ಎಂದು ಅದರ ಆರಂಭದಲ್ಲೇ ಇದೆ. ಆಮೇಲೆ ಚರ್ಮದ ಕಲೆ, ಏಳು ದಿನ ಒಂಟಿಯಾಗಿ ಇಡುವುದು, ಪಾಳೆಯದ ಹೊರಗೆ ಕೂರಿಸುವುದು. ದಿನಾಂಕ ಬದಲಾಯಿಸೋಣ ಎಂದು ನಾನು ಹೇಳಿದೆ. ಅವಳು ಬೇಡ ಎಂದಳು. ಅಜ್ಜಿಗೆ ಫೋನ್ ಮಾಡಿ, ನೀವು ಚಿಕ್ಕವರಿದ್ದಾಗ ತಿಂಗಳಿಗೆ ಮೂರು ದಿನ ಹೊರಗೆ ಕೂರುತ್ತಿದ್ದಿರಂತಲ್ಲ, ಆಗ ಏನನ್ನಿಸುತ್ತಿತ್ತು ಎಂದು ಕೇಳಿದಳು. ಅಮ್ಮ ನನಗೆ ಯಾವತ್ತೂ ಹೇಳದೇ ಇದ್ದದ್ದನ್ನೆಲ್ಲ ಅವಳಿಗೆ ಹೇಳಿದರು. ನಡುಮನೆಯಲ್ಲಿ ಎಲ್ಲರೂ ನಗುವ ಸದ್ದು ಕೇಳಿಸಿಕೊಂಡು ಹಿತ್ತಲ ಕಡೆ ಕೂತಿದ್ದದ್ದು, ತಟ್ಟೆಯನ್ನು ದೂರದಿಂದ ತಳ್ಳುತ್ತಿದ್ದದ್ದು, ಎಲ್ಲ.

ಅದೇ ಪಾಠದಲ್ಲಿ ಒಂದು ಸಾಲಿದೆ. ಹೊರಗೆ ಕೂತವನು ಗುಣವಾದನೋ ಇಲ್ಲವೋ ನೋಡಲು ಪುರೋಹಿತನೇ ಪಾಳೆಯದ ಹೊರಗೆ ನಡೆದು ಹೋಗಬೇಕು. ಮಗಳು ತನ್ನ ಭಾಷಣವನ್ನು ಆ ಒಂದು ಸಾಲಿನ ಮೇಲೆ ಕಟ್ಟಿದಳು. ಹೊರಗಿದ್ದವರನ್ನು ನೋಡಲು ಒಳಗಿದ್ದವರು ಎದ್ದು ಹೋಗಬೇಕು, ನಮ್ಮ ಅಜ್ಜಿಯ ಹತ್ತಿರ ಯಾರೂ ಎದ್ದು ಹೋಗಲಿಲ್ಲ ಎಂದಳು. ಸುಲಭದ ಪಾಠ ಹುಡುಕಬೇಡಿ ಎಂದು ನಾನು ಯಾರಿಗೂ ಒತ್ತಾಯ ಮಾಡುವುದಿಲ್ಲ. ಆದರೆ ದಿನಾಂಕ ಬರೆದುಕೊಡುವ ಮುಂಚೆ ಆ ವಾರದ ಪಾಠವನ್ನು ಮಗುವಿನ ಜೊತೆ ಕೂತು ಒಮ್ಮೆ ಓದಿ.

ಯಹೂದಿ ಪಂಚಾಂಗವೂ ನಮ್ಮ ಹಾಗೆ ಚಂದ್ರನನ್ನೂ ಸೂರ್ಯನನ್ನೂ ಹಿಡಿದು ನಡೆಯುತ್ತದೆ. 19 ವರ್ಷಕ್ಕೆ ಏಳು ಅಧಿಕ ಮಾಸ. ಹಾಗಾಗಿ ಹುಟ್ಟುಹಬ್ಬ ಹಿಂದೆ ಮುಂದೆ ಆಗುತ್ತದೆ, ಸಿನಗಾಗ್‌ನವರಿಂದಲೇ ಲೆಕ್ಕ ಹಾಕಿಸಿ. ವಸಂತದಲ್ಲಿ ಬರುವ ಪಾಸೋವರ್ ಹಬ್ಬದ ವಾರ ಮಾತ್ರ ಬೇಡ. ಆ ವಾರ ಬ್ರೆಡ್ಡು, ಕೇಕು ಯಾವುದೂ ಇಲ್ಲ.

ಇದ್ದ ಊರಲ್ಲೇ, ಜೆರುಸಲೇಮ್, ಇಲ್ಲಾ ಭಾರತ

ಹಾಲ್‌ಗೆ ಹಾಕುವ ದುಡ್ಡಿನಲ್ಲಿ ಇಸ್ರೇಲಿಗೇ ಹೋಗಿಬರೋಣ ಎಂದು ಹಲವರು ಯೋಚಿಸುತ್ತಾರೆ. ಗಂಡುಮಗುವಾದರೆ ಯಹೂದಿಗಳು ಪವಿತ್ರವೆಂದು ಪ್ರಾರ್ಥಿಸುವ ಜೆರುಸಲೇಮಿನ ಪಶ್ಚಿಮ ಗೋಡೆಯ ಹತ್ತಿರ ಸೋಮವಾರ, ಗುರುವಾರ ಬೆಳಿಗ್ಗೆ ಮಾಡುತ್ತಾರೆ. ಡೋಲು ಬಾರಿಸಿಕೊಂಡು ಮೆರವಣಿಗೆಯಲ್ಲಿ ಬರುತ್ತಾರೆ. ಆದರೆ ಅಲ್ಲಿ ಗಂಡಸರಿಗೂ ಹೆಂಗಸರಿಗೂ ನಡುವೆ ತಡಿಕೆ ಇದೆ. ಮಗ ಓದುವುದನ್ನು ನೋಡಲು ಅಮ್ಮಂದಿರು ಕುರ್ಚಿ ಹತ್ತಿ ಆ ಕಡೆ ಇಣುಕಬೇಕು. ಹೆಣ್ಣುಮಗುವಾದರೆ ದಕ್ಷಿಣಕ್ಕೆ ರಾಬಿನ್ಸನ್ ಕಮಾನಿನ ಹತ್ತಿರ ಎಲ್ಲರೂ ಒಟ್ಟಿಗೆ ನಿಲ್ಲುವ ಜಾಗ ಇದೆ. ನನ್ನನ್ನು ಕೇಳಿದರೆ ಗಂಡುಮಗುವಿಗೂ ಅದೇ ವಾಸಿ.

ಮಸಾಡಾ ಬೆಟ್ಟ ಇನ್ನೊಂದು ಆಯ್ಕೆ. 1963ರಿಂದ 1965ರವರೆಗೆ ಪುರಾತತ್ವಜ್ಞ ಯಿಗಾಯೆಲ್ ಯಾದಿನ್ ಅಲ್ಲಿ ಉತ್ಖನನ ಮಾಡಿದಾಗ ಹಳೆಯ ಸಿನಗಾಗ್ ಸಿಕ್ಕಿತು. ಅದರ ನೆಲದಡಿ ಧರ್ಮಗ್ರಂಥದ ಸುರುಳಿಗಳ ತುಂಡುಗಳೂ ಸಿಕ್ಕವು. ಮಕ್ಕಳು ಅದೇ ಜಾಗದಲ್ಲಿ ನಿಂತು ಓದುತ್ತಾರೆ. ಕೇಬಲ್ ಕಾರ್ ಇದೆ, ವಯಸ್ಸಾದವರೂ ಹೋಗಬಹುದು. ಬೇಸಿಗೆ ಮಾತ್ರ ಬೇಡ, ಬಿಸಿಲು ತಡೆಯಲಾಗುವುದಿಲ್ಲ. 2023ರ ಅಕ್ಟೋಬರ್‌ನಲ್ಲಿ ಯುದ್ಧ ಶುರುವಾದ ನಂತರ ಇಸ್ರೇಲಿಗೆ ಹೋಗುವ ವಿಮಾನಗಳು ಹಲವು ಸಲ ರದ್ದಾಗಿವೆ. ಎರಡು ವರ್ಷ ಮುಂಚೆ ದಿನ ಗೊತ್ತುಮಾಡಿ ಎಂಬತ್ತು ಜನರನ್ನು ಕರೆಯುವ ಕಾರ್ಯಕ್ಕೆ ಆ ಆತಂಕ ದೊಡ್ಡದೇ. ಭಾರತದ ಪಾಸ್‌ಪೋರ್ಟ್ ಇರುವ ಅಜ್ಜ ಅಜ್ಜಿಗೆ ವೀಸಾ ಕೆಲಸವೂ ಸೇರಿಕೊಳ್ಳುತ್ತದೆ.

ಭಾರತದಲ್ಲೇ ಮಾಡಬಹುದಲ್ಲ ಎಂದು ನಮ್ಮ ಅಮ್ಮನೇ ಕೇಳಿದ್ದರು. ಕೊಚ್ಚಿಯ ಪರದೇಸಿ ಸಿನಗಾಗ್ 1568ರದು. ಚೀನಾದ ನೀಲಿ ಹೆಂಚಿನ ನೆಲ ಎಷ್ಟು ಚಂದ! ಆದರೆ ಊರಲ್ಲಿ ಯಹೂದಿಗಳು ಬೆರಳೆಣಿಕೆಯಷ್ಟು. ಪೂಜೆಗೆ ಬೇಕಾದ ಹತ್ತು ಜನರನ್ನು ನೀವೇ ಕರೆದುಕೊಂಡು ಹೋಗಬೇಕು. ಮುಂಬೈಯಲ್ಲಿ ಬೈಕಲಾದ ಮಾಗೆನ್ ಡೇವಿಡ್ 1864ರದು, ಕಾಲಾ ಘೋಡಾದ ಕೆನೆಸೆತ್ ಎಲಿಯಾಹೂ 1884ರದು. ಅಲ್ಲಿ ಜನ ಇದ್ದಾರೆ, ಪೂಜೆ ನಡೆಯುತ್ತದೆ. ಆದರೆ ಎರಡೂ ಸಂಪ್ರದಾಯಸ್ಥ ಸಿನಗಾಗ್‌ಗಳು. ಹುಡುಗಿ ಟೋರಾ ಓದುವುದಾಗಲಿ, ತಾಯಿ ಯಹೂದಿಯಲ್ಲದ ಮಗು ಓದುವುದಾಗಲಿ ಅಲ್ಲಿ ಆಗುವುದಿಲ್ಲ. ಮುಂಬೈಯಲ್ಲಿ ಉದಾರ ಪಂಥದ ಜ್ಯೂಯಿಷ್ ರಿಲಿಜಿಯಸ್ ಯೂನಿಯನ್ ಕೂಡ ಇದೆ. 1925ರಲ್ಲಿ ಅದನ್ನು ಕಟ್ಟಿದವರಲ್ಲಿ ಮುಖ್ಯರಾದವರು ಡಾ. ಜೆರುಶಾ ಝಿರಾಡ್. ಅವರು ಹುಟ್ಟಿದ್ದು ನಮ್ಮ ಶಿವಮೊಗ್ಗದಲ್ಲಿ! ಹೆರಿಗೆ ವೈದ್ಯೆಯಾಗಿ ಹೆಸರಾದವರು, 1966ರಲ್ಲಿ ಪದ್ಮಶ್ರೀ ಬಂತು. ಇದನ್ನು ಹೇಳಿದಾಗ ಅಮ್ಮನ ಮುಖ ಅರಳಿತು. ಭಾರತದಲ್ಲಿ ಮಾಡುವ ಮನಸ್ಸಿದ್ದರೆ ಮೊದಲು ಆ ಯೂನಿಯನ್ನಿನವರಿಗೇ ಬರೆದು ಕೇಳಿ.

ನಾವು ಇದ್ದ ಊರಲ್ಲೇ ಮಾಡಿದೆವು. ಮಗಳ ಗೆಳತಿಯರು, ಅವಳಿಗೆ ಮೂರು ವರ್ಷ ಹೀಬ್ರೂ ಕಲಿಸಿದ ಟೀಚರ್, ಪ್ರತಿ ವಾರ ಅಲ್ಲಿ ಕಾಣುವ ಮುಖಗಳು, ಅವರ ಮುಂದೆ ಓದುವುದಕ್ಕೇ ಬೆಲೆ ಜಾಸ್ತಿ ಎನ್ನಿಸಿತು.

ಸಿನಗಾಗ್ ಊಟ, ಹಾಲ್ ಪಾರ್ಟಿ, ಮನೆ ಊಟ

ಪೂಜೆ ಆದ ತಕ್ಷಣ ಸಿನಗಾಗ್‌ನಲ್ಲೇ ಕೊಡುವ ಊಟಕ್ಕೆ ಕಿಡ್ಡೂಶ್ ಎನ್ನುತ್ತಾರೆ. ಅಂದು ಪೂಜೆಗೆ ಬಂದ ಎಲ್ಲರೂ ಉಣ್ಣುತ್ತಾರೆ, ಕರೆದವರು ಕರೆಯದವರು ಎಂಬ ಭೇದ ಇಲ್ಲ. ಸಂಜೆಯ ಹಾಲ್ ಪಾರ್ಟಿ ಎಂದರೆ ಡಿಜೆ, ಕುರ್ಚಿಯಲ್ಲಿ ಕೂರಿಸಿ ಎತ್ತಿ ಕುಣಿಯುವುದು, ಹದಿಮೂರು ಬತ್ತಿ ಹಚ್ಚುವುದು. ಖರ್ಚಿನಲ್ಲಿ ಎರಡಕ್ಕೂ ಅಜಗಜಾಂತರ. ಮಗುವಿಗೆ ಕುಣಿತ ಇಷ್ಟ ಇದ್ದರೆ ಹಾಲ್ ಮಾಡಿ, ತಪ್ಪೇನಿಲ್ಲ. ನಮ್ಮವಳಿಗೆ ಗದ್ದಲ ಆಗುವುದಿಲ್ಲ. ಶನಿವಾರ ಕಿಡ್ಡೂಶ್, ಭಾನುವಾರ ಮನೆಯ ಹಿತ್ತಲಲ್ಲಿ ಊಟ ಎಂದು ಮಾಡಿದೆವು. ಕುರ್ಚಿ ಎತ್ತುವುದು ಅಲ್ಲೂ ಆಯಿತು.

ನಮ್ಮ ಅಡುಗೆ ಸಸ್ಯಾಹಾರಿ, ಆದ್ದರಿಂದ ಕೋಷರ್, ಅಂದರೆ ಯಹೂದಿ ಆಹಾರ ನಿಯಮಕ್ಕೆ ಒಪ್ಪುವುದು, ಎಂದು ತಿಳಿಯಬೇಡಿ. ಮಾಂಸ ಇಲ್ಲದಿರುವುದು ಅರ್ಧ ಮಾತ್ರ. ಪಾತ್ರೆ, ಒಲೆ, ಚೀಸ್, ದ್ರಾಕ್ಷಾರಸ ಎಲ್ಲದಕ್ಕೂ ನಿಯಮ ಇದೆ. ಕರಿಬೇವು, ಕೊತ್ತಂಬರಿಯಲ್ಲಿ ಹುಳ ಇಲ್ಲವೆಂದು ಎಲೆ ಎಲೆ ನೋಡಿ ತೊಳೆಸುತ್ತಾರೆ. ತುಪ್ಪ, ಮೊಸರು ಹಾಲಿನ ಲೆಕ್ಕಕ್ಕೆ ಸೇರುತ್ತವೆ. ಅಂದು ಊಟದಲ್ಲಿ ಮಾಂಸ ಇದ್ದರೆ ಮೊಸರನ್ನವೂ ಇಲ್ಲ, ತುಪ್ಪ ಹಾಕಿದ ಸಿಹಿಯೂ ಇಲ್ಲ. ಮಾಂಸವನ್ನೇ ಬಿಟ್ಟರೆ ಈ ತಲೆನೋವು ಪೂರ್ತಿ ಹೋಗುತ್ತದೆ. ನ್ಯೂಯಾರ್ಕ್ ಕಡೆ ಕೋಷರ್ ಪ್ರಮಾಣಪತ್ರ ಇರುವ ಸಸ್ಯಾಹಾರಿ ಭಾರತೀಯ ಹೋಟೆಲುಗಳಿವೆ, ಅವರಿಂದ ತರಿಸಬಹುದು. ಶಬ್ಬಾತ್ ದಿನ ಒಲೆ ಹಚ್ಚದ ಸಿನಗಾಗ್ ಆದರೆ ದೋಸೆ ಕೌಂಟರ್ ಆಸೆ ಬಿಡಿ. ಪುಳಿಯೋಗರೆ, ಚಿತ್ರಾನ್ನ, ಮೊಸರನ್ನ ಆರಿದರೂ ರುಚಿ. ಬಿಸಿಬೇಳೆಬಾತನ್ನು ಶುಕ್ರವಾರವೇ ಮಾಡಿ ಬಿಸಿ ಇಡಬಹುದು.

ನಮ್ಮ ಸಿನಗಾಗ್ ಅಡುಗೆಮನೆಗೆ ಮನೆಯಲ್ಲಿ ಮಾಡಿದ್ದನ್ನು ತರುವ ಹಾಗಿಲ್ಲ. ಅಮ್ಮ ಮೈಸೂರಿನಿಂದ ಎರಡು ಡಬ್ಬಿ ಚಕ್ಕುಲಿ, ಕೋಡುಬಳೆ ಹೊತ್ತು ತಂದಿದ್ದರು. ಅವು ಭಾನುವಾರದವರೆಗೆ ಕಾದವು. ಇದನ್ನು ನಾನು ಅವರಿಗೆ ಮುಂಚೆಯೇ ಹೇಳಬೇಕಿತ್ತು.

ಭಾನುವಾರ ನಮ್ಮ ಸಿನಗಾಗ್‌ನ ಬೆನೆ ಇಸ್ರೇಲ್ ಮನೆಯವರೊಬ್ಬರು ಮಲಿದಾ ಮಾಡಿಕೊಟ್ಟರು. ಮಹಾರಾಷ್ಟ್ರದ ಯಹೂದಿಗಳು ಶುಭ ಸಂದರ್ಭದಲ್ಲಿ ಎಲಿಯಾ ಪ್ರವಾದಿಯನ್ನು ನೆನೆದು ಮಾಡುವುದು. ನೆನೆಸಿದ ಅವಲಕ್ಕಿ, ಕಾಯಿತುರಿ, ಸಕ್ಕರೆ, ಸುತ್ತ ಹಣ್ಣುಗಳು. ಅಮ್ಮ ಒಂದು ತುತ್ತು ತಿಂದು, "ಇದು ನಮ್ಮ ಸಿಹಿ ಅವಲಕ್ಕಿ ಕಣೇ" ಎಂದರು.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಉಡುಗೊರೆ ಹಣವನ್ನು ನಾವು 101, 501 ಎಂದು ಕೊಡುವ ಹಾಗೆ ಅವರು 18ರ ಗುಣಕದಲ್ಲಿ ಕೊಡುತ್ತಾರೆ. ಹೀಬ್ರೂ ಅಕ್ಷರಗಳಿಗೆ ಒಂದೊಂದು ಅಂಕಿಯ ಬೆಲೆ ಇದೆ, 'ಜೀವ' ಎಂಬ ಅರ್ಥದ ಪದದ ಅಕ್ಷರಗಳ ಬೆಲೆ ಕೂಡಿದರೆ 18. ಕವರನ್ನು ಶನಿವಾರ ಬೆಳಿಗ್ಗೆ ಸಿನಗಾಗ್‌ಗೆ ತರಬೇಡಿ ಎಂದು ನಮ್ಮ ಕಡೆಯ ನೆಂಟರಿಗೆ ಮೊದಲೇ ಹೇಳಿ. ಖರ್ಚಿನ ನೂರಕ್ಕೆ ಮೂರರಷ್ಟನ್ನು ಹಸಿದವರ ಊಟಕ್ಕೆ ಕೊಡುವ ಪದ್ಧತಿ ಇದೆ. 1985ರಲ್ಲಿ ಶುರುವಾದ ಮಾಜೋನ್ ಸಂಸ್ಥೆ ಇದನ್ನು ಬೆಳೆಸಿತು. ಇದಕ್ಕೆ ಬಜೆಟ್‌ನಲ್ಲಿ ಮೊದಲ ಸಾಲಲ್ಲೇ ಜಾಗ ಇಡಿ.

ಓದು ಮುಗಿದಾಗ ಮಗುವಿನ ಮೇಲೆ ಮಿಠಾಯಿ ಎಸೆಯುತ್ತಾರೆ. ಮೆತ್ತನೆಯದನ್ನೇ ತನ್ನಿ, ಗಟ್ಟಿಯದು ಕಣ್ಣಿಗೆ ಬಡಿಯುತ್ತದೆ. ನಮ್ಮಲ್ಲಿ ಎಲ್ಲರೂ ಕೂತಲ್ಲಿಂದಲೇ ಎಸೆದರು. ಅಮ್ಮ ಮಾತ್ರ ತಮ್ಮ ಪಾಲಿನ ಮಿಠಾಯಿಯನ್ನು ಅಕ್ಷತೆಯ ಹಾಗೆ ಎರಡು ಕೈಯಲ್ಲಿ ಹಿಡಿದು ಎದ್ದು ನಿಂತರು. ನಿಧಾನಕ್ಕೆ ನಡೆದು ಹೋಗಿ ಮೊಮ್ಮಗಳ ತಲೆಯ ಮೇಲೇ ಬಿಟ್ಟು ಬಂದರು. ಯಾರೂ ತಡೆಯಲಿಲ್ಲ.